ಪಂಪ್ ತಿರುಗಿಸಿದ ಮಾತ್ರಕ್ಕೆ ಮಾಲ್ಟ್ ತೊಳೆದಂತಲ್ಲ

ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳಿನಿಂದ, ಸಿಹಿ ರಸ ತೆಗೆಯುವ ಪಾತ್ರೆಗೆ ಪಂಪ್ ಕೂರಿಸಿಕೊಂಡವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ರಸ ಹೇಗೂ ಕಾಳಿನ ಮೇಲೆ ಬಿದ್ದು, ಕೆಳಗೆ ಇಳಿದು, ಮತ್ತೆ ಮೇಲೆ ಹೋಗಿ ಒಂದು ತಾಸು ಸುತ್ತುತ್ತಲೇ ಇರುತ್ತದೆ. ಇಷ್ಟಾದ ಮೇಲೂ ಬೇರೆ ನೀರು ಹಾಕಿ ತೊಳೆಯಬೇಕಾ? ತೊಳೆಯುವುದಾದರೆ ಹೇಗೆ? ಮೇಲಿಂದ ನಿಧಾನವಾಗಿ ಸುರಿಯುತ್ತಾ ಇರಬೇಕಾ, ಒಂದೇ ಸಲ ಹಾಕಿ ಕಲಸಿ ಬಸಿಯಬೇಕಾ, ಇಲ್ಲಾ ಆ ಉಸಾಬರಿಯೇ ಬೇಡವಾ?

ಅಮೆರಿಕದಲ್ಲಿರುವ ನಮ್ಮ ಕಾಕಾನ ಮಗ ಮೊನ್ನೆ ಇದನ್ನೇ ಕೇಳಿದ. "ಅಕ್ಕಾ, ಪಂಪ್ ನಡದೈತಲ್ಲ, ಅದ ತೊಳದಂಗ ಆತಲ್ಲ, ಮತ್ತ ಬ್ಯಾರೆ ನೀರ ಯಾಕ ಬೇಕ?" ಅಂತ. ಫೋನಿನಲ್ಲಿ ಹೇಳಿದೆ, ಆದರೆ ಲೆಕ್ಕವನ್ನು ಬಾಯಲ್ಲಿ ಹೇಳಿದರೆ ಅರ್ಧ ದಾರಿಯಲ್ಲೇ ತಪ್ಪಿಹೋಗುತ್ತದೆ. ಅದಕ್ಕೆ ಇಲ್ಲಿ ಕೂತು ಪೂರ್ತಿ ಬರೆಯುತ್ತಿದ್ದೇನೆ. ಅವನ ಹಾಗೆ ಯೋಚಿಸುವವರು ಬಹಳ ಜನ ಇದ್ದಾರೆ ಅಂತ ನನಗೆ ಗೊತ್ತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವನು ಅಲ್ಲಿ ಮಾಡುವುದು ಬೀರ್. ಅಲ್ಲಿ ಮನೆಯಲ್ಲಿ ಸ್ವಂತಕ್ಕೆ ಬೀರ್ ಮಾಡಿಕೊಳ್ಳಲು 1978ರಲ್ಲಿ ಬಂದ ಕಾಯ್ದೆ ಅವಕಾಶ ಕೊಟ್ಟಿದೆ. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ, ಅಂದರೆ ಸುಮಾರು 757 ಲೀಟರ್. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ನಾನು ಹುಬ್ಬಳ್ಳಿಯ ಮನೆಯಲ್ಲಿ ಮಾಡುವುದು ಮಾಲ್ಟ್ ಪಾಕ. ಬಾರ್ಲಿ ಮಾಲ್ಟಿನ ಸಿಹಿ ರಸ ತೆಗೆದು, ಅದಕ್ಕೆ ಯೀಸ್ಟ್ ಸೋಕಲು ಬಿಡದೆ, ಅವತ್ತೇ ಕುದಿಸಿ ಗಟ್ಟಿ ಮಾಡಿಡುತ್ತೇನೆ. ಹಾಲಿಗೆ ಆಗುತ್ತದೆ, ಬ್ರೆಡ್ಡಿಗೆ ಆಗುತ್ತದೆ, ಚಪಾತಿಗೆ ಹಚ್ಚಿಕೊಂಡರೂ ಚೆನ್ನಾಗಿರುತ್ತದೆ. ರಸ ಕುದಿಯಲು ಹೋಗುವ ತನಕ ಅವನ ಕೆಲಸ, ನನ್ನ ಕೆಲಸ ಎರಡೂ ಒಂದೇ. ಅದೇ ಮಾಲ್ಟ್, ಅದೇ ಬಿಸಿನೀರು, ಅದೇ ಪಂಪ್. ಹೀಗಾಗಿ ತೊಳೆಯುವ ಪ್ರಶ್ನೆಯೂ ಒಂದೇ.

ಈಗ ಪಂಪ್ ಏನು ಮಾಡುತ್ತದೆ ನೋಡೋಣ. ಒಡೆದ ಮಾಲ್ಟನ್ನು 62ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಇಟ್ಟರೆ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಪಂಪ್ ಇದ್ದರೆ ಶಾಖ ಎಲ್ಲಾ ಕಡೆ ಸಮನಾಗಿ ಇರುತ್ತದೆ. ಒಂದು ಮೂಲೆಯಲ್ಲಿ 60, ಇನ್ನೊಂದು ಮೂಲೆಯಲ್ಲಿ 72 ಅನ್ನುವ ಪರಿಸ್ಥಿತಿ ಬರುವುದಿಲ್ಲ. ಜೊತೆಗೆ ರಸ ಕಾಳಿನ ಪದರದೊಳಗಿಂದ ಮತ್ತೆ ಮತ್ತೆ ಸೋಸಿ ಬರುವುದರಿಂದ ತಿಳಿಯಾಗುತ್ತದೆ. ಈ ಎರಡು ಕೆಲಸಕ್ಕೆ ಪಂಪಿನಂಥದ್ದು ಇನ್ನೊಂದಿಲ್ಲ, ನಾನಂತೂ ಇನ್ನು ಪಂಪ್ ಬಿಟ್ಟು ಮಾಡುವುದಿಲ್ಲ.

ಆದರೆ ತೊಳೆಯುವುದು ಬೇರೆ. ಸುತ್ತುವ ರಸ ಒಂದು ಹೊತ್ತಿನ ನಂತರ ಎಲ್ಲಾ ಕಡೆ ಒಂದೇ ಸಿಹಿಗೆ ಬಂದು ನಿಲ್ಲುತ್ತದೆ. ಮೇಲೆ ನಿಂತ ರಸ ಎಷ್ಟು ಸಿಹಿಯೋ ಕಾಳಿನೊಳಗೆ ಹಿಡಿದುಕೊಂಡ ರಸವೂ ಅಷ್ಟೇ ಸಿಹಿ. ಅಲ್ಲಿಂದ ಮುಂದೆ ಇನ್ನೂ ಎರಡು ತಾಸು ಪಂಪ್ ನಡೆಸಿದರೂ ಕಾಳಿನಿಂದ ಒಂದು ಚಮಚ ಸಕ್ಕರೆ ಹೆಚ್ಚು ಬರುವುದಿಲ್ಲ. ಸಾಬೂನು ಹಾಕಿದ ಬಟ್ಟೆಯನ್ನು ಅದೇ ಸಾಬೂನು ನೀರಿನಲ್ಲಿ ಎಷ್ಟು ಜಾಲಾಡಿಸಿದರೂ ಸಾಬೂನು ಹೋಗುತ್ತದಾ? ಹಿಂಡಿ, ಹೊಸ ನೀರಿಗೆ ಹಾಕಿದಾಗಲೇ ಹೋಗುವುದು. ಮಾಲ್ಟೂ ಅಷ್ಟೇ. ಬಸಿದು, ಹೊಸ ನೀರು ಕೊಟ್ಟಾಗ ಮಾತ್ರ ಒಳಗೆ ಉಳಿದ ಸಿಹಿ ಹೊರಗೆ ಬರುತ್ತದೆ.

ಎಷ್ಟು ಉಳಿದಿರುತ್ತದೆ? ಇಲ್ಲಿ ಒಂದೇ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು. ಒಂದು ಕೆಜಿ ಮಾಲ್ಟ್ ಸುಮಾರು ಒಂದು ಲೀಟರ್ ರಸ ಹಿಡಿದುಕೊಳ್ಳುತ್ತದೆ. ಸುಮ್ನೆ ಬಸಿಯಲು ಬಿಟ್ಟರೆ ಆ ಲೀಟರ್ ಹೊರಗೆ ಬರುವುದಿಲ್ಲ. ಚೀಲದಲ್ಲಿ ಹಾಕಿ ಹಿಂಡಿದರೆ ಅರ್ಧದ ಹತ್ತಿರ ಇಳಿಸಬಹುದು, ಆದರೆ ಪಂಪ್ ಇರುವ ಜಾಲರಿ ತಳದ ಪಾತ್ರೆಯಲ್ಲಿ ಹಿಂಡುವ ಮಾತಿಲ್ಲ.

5 ಕೆಜಿ ಮಾಲ್ಟ್ ತಗೊಳ್ಳೋಣ. ಒಟ್ಟು 30 ಲೀಟರ್ ನೀರು. ತೊಳೆಯುವುದೇ ಬೇಡ ಅಂತ ಮೂವತ್ತೂ ಲೀಟರನ್ನು ಒಮ್ಮೆಗೇ ಹಾಕಿ ಪಂಪ್ ತಿರುಗಿಸಿದರೆ, 5 ಲೀಟರ್ ಕಾಳಿನಲ್ಲಿ ಉಳಿಯುತ್ತದೆ, 25 ಲೀಟರ್ ಕೈಗೆ ಬರುತ್ತದೆ. ಮೂವತ್ತರಲ್ಲಿ ಇಪ್ಪತ್ತೈದು, ಅಂದರೆ ಬಿಟ್ಟ ಸಕ್ಕರೆಯಲ್ಲಿ ನೂರಕ್ಕೆ 83 ಪಾಲು. ಬಾಕಿ 17 ಪಾಲು ಹಿಂಡಿಯ ಜೊತೆ ಎಮ್ಮೆಗೆ.

ಈಗ ಅದೇ 30 ಲೀಟರನ್ನು ಎರಡು ಪಾಲು ಮಾಡಿ. ಮೊದಲು 17.5 ಲೀಟರ್ ಹಾಕಿ ತಾಸು ತಿರುಗಿಸಿ. 12.5 ಬಸಿದು ಬರುತ್ತದೆ, 5 ಒಳಗೆ ಉಳಿಯುತ್ತದೆ. ಹದಿನೇಳೂವರೆಯಲ್ಲಿ ಐದು ಅಂದರೆ ನೂರಕ್ಕೆ 28.6 ಪಾಲು ಸಕ್ಕರೆ ಇನ್ನೂ ಒಳಗೇ ಇದೆ. ಈಗ ಉಳಿದ 12.5 ಲೀಟರ್ ಹೊಸ ನೀರು ಹಾಕಿ, ತಳದ ತನಕ ಚೆನ್ನಾಗಿ ಕಲಸಿ, ಸ್ವಲ್ಪ ಹೊತ್ತು ಪಂಪ್ ತಿರುಗಿಸಿ ತಿಳಿಯಾದ ಮೇಲೆ ಮತ್ತೆ ಬಸಿಯಿರಿ. ಒಳಗೆ ಉಳಿಯುವುದು 28.6ರಲ್ಲಿ ಮತ್ತೆ ಅದೇ ಪ್ರಮಾಣ, ಅಂದರೆ 8.2 ಪಾಲು ಮಾತ್ರ. ಕೈಗೆ ಸಿಕ್ಕಿದ್ದು ಸುಮಾರು 92. ಒಟ್ಟು ಬಳಸಿದ ನೀರು ಅಷ್ಟೇ, ಕುದಿಯಲು ಹೋಗುವ ರಸವೂ ಅಷ್ಟೇ 25 ಲೀಟರ್. ನೀರನ್ನು ಎರಡು ಪಾಲು ಮಾಡಿದ್ದಕ್ಕೆ ನೂರಕ್ಕೆ ಒಂಬತ್ತು ಪಾಲು ಹೆಚ್ಚು. ರಸದ ಸಕ್ಕರೆ ತಾನೂ ಒಂದಷ್ಟು ಜಾಗ ಹಿಡಿಯುತ್ತದೆ, ಅದನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ. ಮನೆ ಕೆಲಸಕ್ಕೆ ಇಷ್ಟು ಸಾಕು, ರಸದಲ್ಲಿ ನೂರಕ್ಕೆ ಎಷ್ಟು ಪಾಲು ಸಕ್ಕರೆ ಅಂತ ತೋರಿಸುವ ಬ್ರಿಕ್ಸ್ ಮೀಟರಿನಲ್ಲಿ ನೋಡಿದರೂ ಇದರ ಹತ್ತಿರವೇ ಬರುತ್ತದೆ.

ಮೂರು ಪಾಲು ಮಾಡಿದರೆ? ಮಾಡಿ ನೋಡಬಹುದು, ಲೆಕ್ಕದಲ್ಲಿ 95ರ ಹತ್ತಿರ ಬರುತ್ತದೆ. ಅಂದರೆ ಮೊದಲನೇ ತೊಳೆತಕ್ಕೆ ಒಂಬತ್ತು, ಎರಡನೇ ತೊಳೆತಕ್ಕೆ ಸುಮಾರು ಮೂರು. ಇನ್ನೊಮ್ಮೆ ಕಲಸು, ಇನ್ನೊಮ್ಮೆ ತಿಳಿ ಮಾಡು, ಇನ್ನೊಮ್ಮೆ ಬಸಿ ಅಂತ ಮತ್ತೆ ಅರ್ಧ ತಾಸು ನಿಂತರೆ 5 ಕೆಜಿಗೆ ಸಿಗುವ ಪಾಕ ಸುಮಾರು ನೂರು ಚಿಲ್ಲರೆ ಗ್ರಾಂ. ನನಗೆ ಬೇಡ ಅನ್ನಿಸಿತು. ನಿಮಗೆ ಬೇಕು ಅನ್ನಿಸಿದರೆ ತಪ್ಪೇನಿಲ್ಲ.

ಪಾಕ ಮಾಡುವವರಿಗೆ ಇದರಲ್ಲಿ ಇನ್ನೊಂದು ದೊಡ್ಡ ಲಾಭ ಇದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಬೀರ್ ಮಾಡುವವನಿಗೆ 25 ಲೀಟರ್ ರಸ ಬೇಕೇ ಬೇಕು, ಅದನ್ನೇ ಅವನು ಕುಡಿಯುವುದು. ನನಗೆ ಆ ನೀರು ಬೇಡವೇ ಬೇಡ. ನಾನು ಹಾಕಿದ ಒಂದೊಂದು ಲೀಟರನ್ನೂ ಮತ್ತೆ ಗ್ಯಾಸ್ ಸುಟ್ಟು ಹಾರಿಸಬೇಕು. ಒಂದು ಲೀಟರ್ ಕುದಿಯುವ ನೀರನ್ನು ಆವಿ ಮಾಡಲು 2257 ಕಿಲೋಜೂಲ್ ಬೇಕು, ಅಂದರೆ 0.63 ಯೂನಿಟ್ ಕರೆಂಟಿನಷ್ಟು. ಹಾಗಾಗಿ ನಾನು ಕೇಳಿಕೊಂಡಿದ್ದು, ಕಡಿಮೆ ನೀರಿನಲ್ಲಿ ಎಷ್ಟು ತೆಗೆಯಬಹುದು ಅಂತ. ಒಟ್ಟು 22.5 ಲೀಟರ್ ಇಟ್ಟುಕೊಳ್ಳಿ. ಮೊದಲು 13.75, ಆಮೇಲೆ 8.75. ಲೆಕ್ಕ ಹಾಕಿದರೆ 87 ಪಾಲು ಸಿಗುತ್ತದೆ. ತೊಳೆಯದೆ 30 ಲೀಟರ್ ಹಾಕಿದಾಗ ಸಿಕ್ಕಿದ್ದು 83. ಅಂದರೆ ಏಳೂವರೆ ಲೀಟರ್ ನೀರು ಕಡಿಮೆ ಹಾಕಿ ಸಕ್ಕರೆ ಜಾಸ್ತಿ ತೆಗೆದಂತೆ ಆಯಿತು. ಆ ಏಳೂವರೆ ಲೀಟರ್ ಹಾರಿಸುವ ಖರ್ಚು ಅಡುಗೆ ಒಲೆಯಲ್ಲಿ ಸುಮಾರು 600 ಗ್ರಾಂ ಗ್ಯಾಸ್, ಜೊತೆಗೆ ಒಲೆ ಮುಂದೆ ನಿಲ್ಲುವ ಹೊತ್ತು. ಮೇ ತಿಂಗಳ ಹುಬ್ಬಳ್ಳಿಯಲ್ಲಿ ಆ ಹೊತ್ತು ಚಿಕ್ಕದಲ್ಲ.

ಹಾಗಂತ ನೀರನ್ನು ಇನ್ನೂ ಇಳಿಸುತ್ತಾ ಹೋಗಬೇಡಿ. ಕೆಜಿಗೆ ಎರಡೂವರೆ ಲೀಟರಿಗಿಂತ ಕೆಳಗೆ ಹೋದರೆ ಮಾಲ್ಟ್ ಗಟ್ಟಿ ಮುದ್ದೆಯಾಗಿ ಪಂಪಿಗೆ ರಸವೇ ಸಿಗುವುದಿಲ್ಲ, ಅಲ್ಲಿಂದ ಮುಂದೆ ಕಷ್ಟ ಶುರು.

ಇನ್ನು ಮೇಲಿಂದ ನಿಧಾನವಾಗಿ ಸುರಿಯುವ ಕ್ರಮ, ಅದನ್ನು ಫ್ಲೈ ಸ್ಪಾರ್ಜ್ ಅನ್ನುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಮಾಡುವುದು ಇದನ್ನೇ. ಕಾಳಿನ ಮೇಲೆ ಎರಡು ಮೂರು ಬೆರಳು ನೀರು ಯಾವಾಗಲೂ ನಿಂತಿರಬೇಕು. ಕೆಳಗೆ ಎಷ್ಟು ಹೋಗುತ್ತದೋ ಮೇಲೆ ಅಷ್ಟೇ ಬರಬೇಕು. ಮುಕ್ಕಾಲು ತಾಸು, ಒಂದು ತಾಸು ಹೀಗೇ ನಡೆಯಬೇಕು. ಹೊಸ ನೀರು ಹಳೆಯ ರಸವನ್ನು ಕಲಸದೆ ಕೆಳಗೆ ತಳ್ಳುತ್ತಾ ಹೋಗುತ್ತದೆ, ಅದಕ್ಕೇ ಸರಿಯಾಗಿ ನಡೆದರೆ ಇದರಷ್ಟು ಸಕ್ಕರೆ ತೆಗೆಯುವ ಕ್ರಮ ಬೇರೆ ಇಲ್ಲ. ಸರಿಯಾಗಿ ನಡೆದರೆ ಅನ್ನುವ ಮಾತಿನಲ್ಲೇ ಎಲ್ಲಾ ಇದೆ. ಕಾಳಿನ ಪದರದಲ್ಲಿ ಒಂದು ಕಡೆ ಸಡಿಲ ಇದ್ದರೆ ನೀರು ಅಲ್ಲೇ ದಾರಿ ಮಾಡಿಕೊಂಡು ಇಳಿಯುತ್ತದೆ, ಉಳಿದ ಕಡೆ ಕಾಳು ಸಿಹಿಯಾಗಿಯೇ ಉಳಿಯುತ್ತದೆ. ಮತ್ತೆ ಇದಕ್ಕೆ ಮೂರು ಪಾತ್ರೆ ಬೇಕು. ಬಿಸಿನೀರಿಗೆ ಒಂದು, ಮಾಲ್ಟಿಗೆ ಒಂದು, ರಸಕ್ಕೆ ಒಂದು. ಒಳಗೆ ಬರುವ ನೀರಿಗೊಂದು ವಾಲ್ವ್, ಹೊರಗೆ ಹೋಗುವ ರಸಕ್ಕೊಂದು ವಾಲ್ವ್, ಎರಡರ ಮೇಲೂ ಕಣ್ಣು. ಅನುಕೂಲ ಇದ್ದರೆ ಎರಡನೇ ಪಂಪ್. ನಡುವೆ ಕರೆಂಟ್ ಹೋದರೆ ಒಂದು ನಿಂತು ಇನ್ನೊಂದು ಹರಿಯುತ್ತಲೇ ಇರುತ್ತದೆ, ಪದರ ಒಣಗಿ ಬಿರುಕು ಬಿಡುತ್ತದೆ. ಇಷ್ಟೆಲ್ಲ ಮಾಡಿ ಒಂದು ಸಲದ ತೊಳೆತಕ್ಕಿಂತ ಹೆಚ್ಚು ಸಿಗುವುದು ನೂರಕ್ಕೆ ಮೂರ್ನಾಲ್ಕು ಪಾಲು. ಟನ್‌ಗಟ್ಟಲೆ ಮಾಲ್ಟ್ ಹಾಕುವ ಕಾರ್ಖಾನೆಗೆ ಆ ಮೂರ್ನಾಲ್ಕು ಪಾಲು ಲಕ್ಷಗಳ ಮಾತು. 5 ಕೆಜಿ ಮಾಡುವ ಮನೆಗೆ ಅಲ್ಲ.

ಹಾಗಾದರೆ ತೊಳೆಯದೇ ಬಿಡುವ ಕ್ರಮ ಯಾರಿಗೂ ಬೇಡವಾ? ಬೇಕು. ನಿಮ್ಮ ಪಾತ್ರೆ ದೊಡ್ಡದಿದ್ದರೆ, ಮಾಲ್ಟ್ ಸುಲಭವಾಗಿ ಸಿಗುತ್ತಿದ್ದರೆ, ಬೀರ್ ಮಾಡುವ ನಾಡಿನಲ್ಲಿದ್ದರೆ, ಅರ್ಧ ಕೆಜಿ ಮಾಲ್ಟ್ ಹೆಚ್ಚು ಹಾಕಿ ಕೈ ತೊಳೆದುಕೊಳ್ಳುವುದು ಒಳ್ಳೆಯ ದಾರಿಯೇ. ರುಚಿಯೂ ಚೆನ್ನಾಗಿರುತ್ತದೆ ಅನ್ನುವವರಿದ್ದಾರೆ, ಅದಕ್ಕೆ ಕಾರಣವೂ ಇದೆ, ಮುಂದೆ ಹೇಳುತ್ತೇನೆ. ಆದರೆ ಬಾರ್ಲಿ ಮಾಲ್ಟ್ ನಮಗೆ ಉತ್ತರ ಭಾರತದಿಂದ ಬರಬೇಕು. ಬಾರ್ಲಿ ಬೆಳೆಯುವುದು ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣ, ಪಂಜಾಬ್ ಕಡೆ. ಚೀಲ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಸಾಗಾಣಿಕೆಯ ಖರ್ಚೂ ಸೇರಿರುತ್ತದೆ. ಅದನ್ನು ನೂರಕ್ಕೆ 17 ಪಾಲು ಬಿಟ್ಟುಕೊಡಲು ನನಗೆ ಮನಸ್ಸು ಬರುವುದಿಲ್ಲ.

ಈಗ ನೀರಿನ ಮಾತು. ನಮ್ಮ ಕಡೆಯವರು ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ಹೊರಗಿನವರು ಬರೆದ ವಿಧಾನಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ, ನಮಗೆ ಅದು ಸಾಲುವುದಿಲ್ಲ.

ಮಾಲ್ಟಿನ ಸಿಪ್ಪೆಯಲ್ಲಿ ಒಗರು ಇರುತ್ತದೆ. ರಸದ ಪಿಎಚ್, ಅಂದರೆ ಹುಳಿ ಕ್ಷಾರದ ಅಳತೆ (ಅಂಕಿ ಕೆಳಗಿದ್ದಷ್ಟೂ ಹುಳಿ ಹೆಚ್ಚು), 5.2ರಿಂದ 5.5ರ ಒಳಗಿದ್ದರೆ ಆ ಒಗರು ಸಿಪ್ಪೆಯಲ್ಲೇ ಉಳಿಯುತ್ತದೆ. ಪಿಎಚ್ 6ರ ಹತ್ತಿರ ಹೋದರೆ ರಸಕ್ಕೆ ಇಳಿಯಲು ಶುರು ಮಾಡುತ್ತದೆ. ಮೊದಲನೇ ರಸದಲ್ಲಿ ಈ ತೊಂದರೆ ಕಡಿಮೆ, ಯಾಕೆಂದರೆ ಮಾಲ್ಟೇ ಸ್ವಲ್ಪ ಹುಳಿ, ನೀರಿನ ಕ್ಷಾರವನ್ನು ಅದೇ ಎಳೆದು ಕೆಳಗೆ ತರುತ್ತದೆ. ತೊಳೆಯುತ್ತಾ ಹೋದಂತೆ ಮಾಲ್ಟಿನ ಆ ಶಕ್ತಿ ತೀರುತ್ತದೆ, ಆಮೇಲೆ ಪಾತ್ರೆಯಲ್ಲಿ ನಡೆಯುವುದು ನೀರಿನ ದರ್ಬಾರು. ಅದಕ್ಕೇ ತೊಳೆಯದೆ ತೆಗೆದ ರಸ ರುಚಿ ಅನ್ನುವುದು. ಫ್ಲೈ ಸ್ಪಾರ್ಜಿನಲ್ಲಿ ಕೊನೆ ಕೊನೆಗೆ ಬರುವ ರಸ ಬರೀ ನೀರಿನಂತಿರುತ್ತದೆ, ಅದರಲ್ಲೇ ಒಗರು ಜಾಸ್ತಿ. ಬ್ರಿಕ್ಸ್ ಎರಡೂವರೆಗೆ ಇಳಿದರೆ ನಿಲ್ಲಿಸಿ ಅಂತ ಹೇಳುವುದು ಇದೇ ಕಾರಣಕ್ಕೆ. ಒಂದು ಸಲದ ತೊಳೆತದಲ್ಲಿ ಅಷ್ಟು ತೆಳ್ಳಗೆ ಆಗುವುದೇ ಇಲ್ಲ, ಅದು ಇನ್ನೊಂದು ಅನುಕೂಲ. ಮತ್ತೆ ಪಾಕ ಮಾಡುವವರು ಇದನ್ನು ಬೀರ್ ಮಾಡುವವರಿಗಿಂತ ಜಾಸ್ತಿ ನೋಡಿಕೊಳ್ಳಬೇಕು. 10 ಬ್ರಿಕ್ಸ್ ರಸವನ್ನು 80ಕ್ಕೆ ಏರಿಸಿದರೆ ಸಿಹಿ ಎಂಟು ಪಟ್ಟು ಆದಂತೆ ಒಗರೂ ಎಂಟು ಪಟ್ಟು ಆಗುತ್ತದೆ.

ನಮ್ಮ ಮನೆಯಲ್ಲಿ ಎರಡು ನೀರು. ನಲ್ಲಿಯಲ್ಲಿ ಬರುವುದು ಮಲಪ್ರಭೆಯ ನೀರು, ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ ಬರುವುದು. ಇನ್ನೊಂದು ಬೋರಿನ ನೀರು. ಬೋರಿನ ನೀರು ಕಾಯಿಸಿದ ಪಾತ್ರೆಯ ತಳ ನೋಡಿದರೆ ಸಾಕು, ಬಿಳಿ ಪೊರೆ ಕಟ್ಟಿರುತ್ತದೆ. ಆ ಪೊರೆಯೇ ಪಿಎಚ್ ಏರಿಸುವ ಬೈಕಾರ್ಬೊನೇಟಿನ ಗುರುತು. ಗದಗ ಕಡೆಯವರಿಗೆ, ಅದರಲ್ಲೂ ಮುಂಡರಗಿ ಕಡೆಯವರಿಗೆ, ಬೋರಿನ ನೀರಿನಲ್ಲಿ ಫ್ಲೋರೈಡಿನ ಚಿಂತೆ ಬೇರೆ. ಪಾಕ ಗಟ್ಟಿ ಮಾಡಿದಂತೆ ನೀರು ಹಾರುತ್ತದೆ, ಫ್ಲೋರೈಡ್ ಹಾರುವುದಿಲ್ಲ. ಅಂಥ ನೀರನ್ನು ಈ ಕೆಲಸಕ್ಕೆ ಬಳಸಲೇಬೇಡಿ.

ನಾನು ಮಾಡುವುದು ಹೀಗೆ. ಮೊದಲನೇ ಪಾಲಿಗೆ ನಲ್ಲಿ ನೀರು, ಹಿಂದಿನ ರಾತ್ರಿಯೇ ತುಂಬಿ ಬಾಯಿ ತೆರೆದಿಟ್ಟದ್ದು, ಕ್ಲೋರಿನ್ ಹೋಗಲಿ ಅಂತ. ತೊಳೆಯುವ ಪಾಲಿಗೆ ಆರ್‌ಒ ನೀರು. ತೊಳೆಯುವ ಹೊತ್ತಿಗೆ ಮಾಲ್ಟಿನ ಹುಳಿ ತೀರಿರುತ್ತದೆ ಅಂದೆನಲ್ಲ, ಆಗ ಕ್ಷಾರ ಇಲ್ಲದ ನೀರು ಕೊಟ್ಟರೆ ಪಿಎಚ್ ಏರಲು ಕಾರಣವೇ ಇರುವುದಿಲ್ಲ. ಮನೆಯ ಆರ್‌ಒ ನಿಧಾನ, ಮೂವತ್ತು ಲೀಟರ್ ಹಿಡಿಯಬೇಕೆಂದರೆ ಅಡುಗೆಮನೆಯ ಬೇರೆ ಕೆಲಸ ನಿಲ್ಲುತ್ತದೆ, 8.75 ಲೀಟರ್ ಅಂದರೆ ಆರಾಮವಾಗಿ ಹಿಡಿದಿಡಬಹುದು. ಆರ್‌ಒ ಇಲ್ಲದವರು ತೊಳೆಯುವ ನೀರಿಗೆ ಸಿಟ್ರಿಕ್ ಆಸಿಡ್ ಹಾಕಿ, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದೆ. ಚಿಟಿಕೆ ಚಿಟಿಕೆಯಾಗಿ ಹಾಕಿ, ಪಿಎಚ್ ಪಟ್ಟಿ ಅದ್ದಿ ನೋಡಿ, ಐದೂವರೆ ಆರರ ನಡುವೆ ಬಂದರೆ ನಿಲ್ಲಿಸಿ. ಲ್ಯಾಕ್ಟಿಕ್ ಆಸಿಡ್ ಸಿಕ್ಕರೆ ಇನ್ನೂ ಒಳ್ಳೆಯದು, ರುಚಿಗೆ ಅದು ಮೆದು.

ತೊಳೆಯುವ ನೀರು 77 ಡಿಗ್ರಿ ದಾಟಬಾರದು ಅಂತ ಎಲ್ಲರೂ ಹೇಳುತ್ತಾರೆ. ನಾನೂ 75ರ ಸುತ್ತ ಇಡುತ್ತೇನೆ. ಆದರೆ ಭಯಪಡಬೇಕಾದ್ದು ಶಾಖಕ್ಕಿಂತ ಪಿಎಚ್‌ಗೆ. ಜರ್ಮನಿಯಲ್ಲಿ ಮಾಲ್ಟಿನ ಒಂದು ಪಾಲನ್ನು ಸಿಪ್ಪೆ ಸಮೇತ ಕುದಿಸಿ ಮತ್ತೆ ಸೇರಿಸುವ ಹಳೆಯ ಕ್ರಮ ಇದೆ, ಡಿಕಾಕ್ಷನ್ ಅನ್ನುತ್ತಾರೆ. ಕುದಿಸಿದರೂ ಒಗರು ಬರುವುದಿಲ್ಲ, ಯಾಕೆಂದರೆ ಆ ಗಟ್ಟಿ ಮಾಲ್ಟಿನ ಪಿಎಚ್ ಕೆಳಗೇ ಇರುತ್ತದೆ. ಹಾಗೆಯೇ ತಣ್ಣೀರಿನಲ್ಲೂ ತೊಳೆಯಬಹುದು, ಸಕ್ಕರೆ ತಣ್ಣೀರಿಗೂ ಬರುತ್ತದೆ. ನಾನು ಬಿಸಿಯೇ ಹಾಕುವುದು ಜೋಳದ ಸಲುವಾಗಿ, ಅದು ಹಾಕಿದಾಗ ಪದರ ಅಂಟಾಗುತ್ತದೆ, ಬಿಸಿಯಿದ್ದರೆ ರಸ ಸಲೀಸಾಗಿ ಇಳಿಯುತ್ತದೆ.

ಹೌದು, ಜೋಳ. ನಮ್ಮ ಊರಲ್ಲಿ ಕೂತು ಬರೀ ಬಾರ್ಲಿಯಲ್ಲಿ ಪಾಕ ಮಾಡುವುದು ನನಗೆ ಸರಿ ಅನ್ನಿಸಲಿಲ್ಲ. ಮಾಲ್ಟಿನ ಜೊತೆ ಬಿಳಿಜೋಳದ ಹಿಟ್ಟು ಸೇರಿಸುತ್ತೇನೆ, ನೂರಕ್ಕೆ ಮೂವತ್ತರ ತನಕ. ರುಚಿ ಹಗುರಾಗುತ್ತದೆ, ಬಾರ್ಲಿಯ ಭಾರ ಕಡಿಮೆಯಾಗುತ್ತದೆ. ಆದರೆ ಜೋಳದ ಪಿಷ್ಟ 65 ಡಿಗ್ರಿಯಲ್ಲಿ ಬಿಚ್ಚಿಕೊಳ್ಳುವುದಿಲ್ಲ, ಅದಕ್ಕೆ ಸುಮಾರು 70 ದಾಟಬೇಕು. ಹಾಗಾಗಿ ಜೋಳದ ಹಿಟ್ಟನ್ನು ಬೇರೆ ಕುದಿಸಿ, ಅಂಬಲಿ ಕಾಸಿ, 65ಕ್ಕೆ ಆರಿದ ಮೇಲೆ ಮಾಲ್ಟಿಗೆ ಸೇರಿಸಬೇಕು. ಮಾಲ್ಟಿನ ಕಿಣ್ವಗಳೇ ಜೋಳದ ಪಿಷ್ಟವನ್ನೂ ಸಕ್ಕರೆ ಮಾಡುತ್ತವೆ. ಅಂಬಲಿಗೆ ಹಾಕಿದ ನೀರನ್ನು ಮೊದಲನೇ ಪಾಲಿನ ಲೆಕ್ಕದಲ್ಲೇ ಹಿಡಿಯಿರಿ. ಆಯಿತಾ ಇಲ್ಲವಾ ಅಂತ ನೋಡಲು ತಟ್ಟೆಯ ಮೇಲೆ ನಾಲ್ಕು ಹನಿ ರಸ, ಅದಕ್ಕೆ ಒಂದು ಹನಿ ಅಯೋಡಿನ್. ಕಪ್ಪು ನೀಲಿ ಆದರೆ ಇನ್ನೂ ಪಿಷ್ಟ ಇದೆ, ಕಾಯಿರಿ.

ಜೋಳ ಹಾಕಿದಾಗ ಪಂಪಿನವರಿಗೆ ಬರುವ ತೊಂದರೆ ಬೇರೆ. ಬಾರ್ಲಿಗೆ ಸಿಪ್ಪೆ ಇದೆ, ಆ ಸಿಪ್ಪೆಯೇ ಸೋಸುವ ಪದರ. ಜೋಳಕ್ಕೆ ಸಿಪ್ಪೆ ಇಲ್ಲ. ಪದರ ಅಂಟಾಗಿ, ಪಂಪ್ ಎಳೆದಷ್ಟೂ ಇನ್ನಷ್ಟು ಒತ್ತಿಕೊಂಡು, ಕೊನೆಗೆ ಕೆಳಗೆ ಹನಿಯೂ ಇಳಿಯುವುದಿಲ್ಲ. ಇದಕ್ಕೆ ಮದ್ದು ನಮ್ಮ ಸುತ್ತಲೇ ಇದೆ. ಭತ್ತದ ಹೊಟ್ಟು. ಕಲಘಟಗಿ ಕಡೆ, ಹಾನಗಲ್ ಕಡೆ ಅಕ್ಕಿ ಗಿರಣಿಗಳಲ್ಲಿ ರಾಶಿ ಬಿದ್ದಿರುತ್ತದೆ. ರಬ್ಬರ್ ರೋಲರಿನ ಗಿರಣಿಯದ್ದೇ ತನ್ನಿ, ಅದರಲ್ಲಿ ಹೊಟ್ಟು ಇಡಿಯಾಗಿ ಬರುತ್ತದೆ. ಹಳೇ ಹಲ್ಲರ್ ಗಿರಣಿಯಲ್ಲಿ ಹೊಟ್ಟು, ತೌಡು ಎರಡೂ ಪುಡಿಯಾಗಿ ಬೆರೆತಿರುತ್ತದೆ, ಅದು ಈ ಕೆಲಸಕ್ಕೆ ಬರುವುದಿಲ್ಲ. ನಾಲ್ಕೈದು ನೀರಿನಲ್ಲಿ ತೊಳೆದು, ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಮಾಲ್ಟಿನ ತೂಕದ ನೂರಕ್ಕೆ ಐದು ಪಾಲು ಬೆರೆಸಿದರೆ ಸಾಕು. 5 ಕೆಜಿಗೆ 250 ಗ್ರಾಂ. ಇದಕ್ಕೆ ರುಚಿ ಇಲ್ಲ, ಸಕ್ಕರೆ ಇಲ್ಲ, ಪದರವನ್ನು ಸಡಿಲ ಇಡುವುದಷ್ಟೇ ಇದರ ಕೆಲಸ.

ಮಾಲ್ಟ್ ಒಡೆಯುವುದರಲ್ಲೂ ಹುಷಾರಾಗಿರಿ. ಹಿಟ್ಟಿನ ಗಿರಣಿಗೆ ಕೊಟ್ಟರೆ ಸಿಪ್ಪೆ ಚೂರು ಚೂರಾಗುತ್ತದೆ. ಎರಡು ರೋಲರಿನ ಕೈಮಿಲ್ ಒಳ್ಳೆಯದು, ಸಂದು ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ. ಒಡೆಯುವ ಹತ್ತು ನಿಮಿಷ ಮೊದಲು 5 ಕೆಜಿಗೆ 100 ಮಿಲಿ ನೀರು ಚಿಮುಕಿಸಿ ಕೈಯಾಡಿಸಿ. ಸಿಪ್ಪೆ ಮೆತ್ತಗಾಗಿ ಇಡಿಯಾಗಿ ಉಳಿಯುತ್ತದೆ, ಒಳಗಿನ ಕಾಳು ಮಾತ್ರ ಒಡೆಯುತ್ತದೆ.

ಪಂಪನ್ನು ಪೂರ್ತಿ ಓಡಿಸಬೇಡಿ. ನಿಮಿಷಕ್ಕೆ ಎರಡು ಮೂರು ಲೀಟರ್ ಸಾಕು. ಹರಿವು ಕಡಿಮೆ ಮಾಡುವ ವಾಲ್ವ್ ಪಂಪಿನ ಮುಂದೆ, ಅಂದರೆ ರಸ ಹೊರಗೆ ಹೋಗುವ ಕಡೆ ಇರಲಿ. ಎಳೆಯುವ ಕಡೆ ಬಿಗಿದರೆ ಬಿಸಿ ರಸದಲ್ಲಿ ಗುಳ್ಳೆ ಎದ್ದು ಪಂಪ್ ಕೆಡುತ್ತದೆ. ಮ್ಯಾಗ್ನೆಟ್ ಪಂಪ್ ತಾನಾಗಿ ರಸ ಎಳೆದುಕೊಳ್ಳುವುದಿಲ್ಲ, ಅದನ್ನು ಪಾತ್ರೆಗಿಂತ ಕೆಳಗೇ ಇಡಬೇಕು. ವಾಲ್ವಿನ ವಿಷಯದಲ್ಲಿ ಹುಬ್ಬಳ್ಳಿಯವರು ಪುಣ್ಯವಂತರು, ನಮ್ಮ ಊರಿನ ಕೈಗಾರಿಕೆಗಳಲ್ಲಿ ವಾಲ್ವ್ ಮಾಡುವುದೇ ಒಂದು ದೊಡ್ಡ ಕಸುಬು. ಸ್ಟೀಲಿನ ಮೂರು ತುಂಡಿನ ಬಾಲ್ ವಾಲ್ವ್ ಕೇಳಿ ತಗೊಳ್ಳಿ, ಬಿಚ್ಚಿ ತೊಳೆಯಲು ಬರುತ್ತದೆ. ಜಾಲರಿಯ ಕೆಳಗೆ, ಪೈಪಿನಲ್ಲಿ, ಪಂಪಿನೊಳಗೆ ಉಳಿಯುವ ರಸವನ್ನೂ ಮರೆಯಬೇಡಿ. ತಳದಲ್ಲಿ ಎರಡು ಲೀಟರ್ ನಿಂತರೆ ಅದು ಕಾಳು ಹಿಡಿದ ಐದು ಲೀಟರಿಗೆ ಸೇರಿ ಏಳಾಗುತ್ತದೆ, ಮೇಲಿನ ಲೆಕ್ಕವೆಲ್ಲ ಕೆಳಗೆ ಜಾರುತ್ತದೆ. ಮೊದಲನೇ ಸಲ ಬಸಿಯುವಾಗ ಪಾತ್ರೆಯನ್ನು ಓರೆ ಮಾಡಿ ಪೂರ್ತಿ ತೆಗೆಯಿರಿ. ತೊಳೆಯುವ ಕ್ರಮ ಯಾವುದು ಅನ್ನುವುದಕ್ಕಿಂತ ಇದರಿಂದ ಸಿಗುವ ಲಾಭವೇ ಎಷ್ಟೋ ಸಲ ದೊಡ್ಡದು.

ಅಮೆರಿಕದ ಆ ತಮ್ಮನದು ಬೇರೆ ಥರದ ಯಂತ್ರ. ಒಂದೇ ಪಾತ್ರೆ, ಒಳಗೆ ತೂತಿನ ಬುಟ್ಟಿ, ಕೆಳಗೆ ಹೀಟರ್, ಪಕ್ಕದಲ್ಲಿ ಪಂಪ್. ತಾಸು ಮುಗಿದ ಮೇಲೆ ಬುಟ್ಟಿ ಎತ್ತಿ ಕೊಕ್ಕೆಗೆ ಹಾಕಿ, ಮೇಲಿಂದ ಬಿಸಿನೀರು ಸುರಿಯಿರಿ ಅಂತ ಅದರ ಪುಸ್ತಕದಲ್ಲಿದೆ. ಸುರಿದ ನೀರು ಬುಟ್ಟಿಯ ಅಂಚಿಗೆ ಹರಿದು ಸರ್ರನೆ ಕೆಳಗೆ ಇಳಿದುಬಿಡುತ್ತದೆ, ನಡುವಿನ ಕಾಳಿಗೆ ನೀರು ತಾಗುವುದೇ ಇಲ್ಲ. ಅವನಿಗೆ ನಾನು ಹೇಳಿದ್ದು, "ಬುಟ್ಟಿ ಎತ್ತಿ ಬಸಿಲಿಕ್ಕೆ ಬಿಡು. ಆಮ್ಯಾಲ ಇನ್ನೊಂದು ದೊಡ್ಡ ಬೋಗಣ್ಯಾಗ ತೊಳಿಯೂ ನೀರ ಇಟ್ಕೊಂಡು, ಬುಟ್ಟಿ ಅದರಾಗ ಇಳಿಸಿ, ಸೌಟ ಹಾಕಿ ಚಂದಂಗ ತಿರುವು. ಹತ್ತ ನಿಮಿಷ ಬಿಟ್ಟು ಎತ್ತು." ಬೋಗಣಿಯಲ್ಲಿ ಉಳಿದ ರಸವನ್ನು ದೊಡ್ಡ ಪಾತ್ರೆಗೆ ಸುರಿದರೆ ಮುಗಿಯಿತು. ಎರಡು ಪಾಲಿನ ಅದೇ ಲೆಕ್ಕ. ಮೊದಲ ಪಾಲು ಯಂತ್ರದಲ್ಲಿ, ಎರಡನೇ ಪಾಲು ಬೋಗಣಿಯಲ್ಲಿ. "ಅಷ್ಟ ಏನಕ್ಕಾ? ನಾ ಇನ್ನೊಂದು ಟ್ಯಾಂಕ್ ತಗೋಬೇಕಂತ ಮಾಡಿದ್ದೆ" ಅಂದ. ಬೇಡ, ಮನೆಯ ಬೋಗಣಿ ಸಾಕು.

ಕುದಿಸುವ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಅದರದ್ದೇ ಬೇರೆ ಕಥೆ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಆರುನೂರು ಮೀಟರಿಗಿಂತ ಎತ್ತರದಲ್ಲಿದೆ, ನೀರು ಇಲ್ಲಿ 98ರ ಆಸುಪಾಸಿನಲ್ಲೇ ಕುದಿಯುತ್ತದೆ. ಪಾಕದ ಹದಕ್ಕೆ ಹೊರಗಿನವರು ಹೇಳಿದ ಡಿಗ್ರಿಯಲ್ಲಿ ಎರಡು ಕಳೆದುಕೊಳ್ಳಬೇಕು ಅನ್ನುವುದನ್ನು ಮಾತ್ರ ಸದ್ಯಕ್ಕೆ ನೆನಪಿಡಿ. ಬಸಿದ ಹಿಂಡಿಯನ್ನು ಅದೇ ದಿನ ಎಮ್ಮೆ ಇದ್ದವರಿಗೆ ಕೊಡಿ, ಮರುದಿನಕ್ಕೆ ಹುಳಿ ಬಂದಿರುತ್ತದೆ. ಭತ್ತದ ಹೊಟ್ಟು ಬೆರೆತಿದೆ ಅಂತ ಅವರಿಗೆ ಹೇಳಿಯೇ ಕೊಡಿ. ಪಂಪಿನೊಳಗೆ, ಪೈಪಿನೊಳಗೆ ಸಿಹಿ ಉಳಿದರೆ ನಮ್ಮ ಸೆಕೆಗೆ ಒಂದೇ ರಾತ್ರಿಯಲ್ಲಿ ನಾರುತ್ತದೆ, ಹಾಗಾಗಿ ರಸ ಒಲೆಗೆ ಏರಿಸಿದ ಕೂಡಲೇ ಬಿಸಿನೀರು ಹಾಕಿ ಹತ್ತು ನಿಮಿಷ ಪಂಪ್ ತಿರುಗಿಸಿ, ಆ ನೀರು ಚೆಲ್ಲಿ, ವಾಲ್ವ್ ಬಿಚ್ಚಿ ಒಣಗಲು ಇಡಿ.